ಎಷ್ಟಕ್ಕೆ ಎಷ್ಟು ಮಧುಕರ

ಮಧುಕರನ ಎದುರಿಗೆ ‘ಎಲ್ಲರೂ’ ಎಂಬ ಪದವನ್ನು ನಿರ್ಭಯವಾಗಿ ಬಳಸುವ ಧೈರ್ಯ ಟೋಕಿಯೋದ ನಿಶಿ ಕಸಾಯಿಯಲ್ಲಿ ಯಾರಿಗೂ ಇರಲಿಲ್ಲ. ‘ನಿನ್ನೆ ಪೂಜೆಗೆ ಎಲ್ಲರೂ ಬಂದಿದ್ದರು’ ಎಂದು ನಮ್ಮವರ ಅಂಗಡಿಯಲ್ಲಿ ತೊಗರಿಬೇಳೆಯ ಪೊಟ್ಟಣ ಆರಿಸುತ್ತ ಯಾರಾದರೂ ಬಾಯಿತಪ್ಪಿ ಅಂದರೆ ಸಾಕು, ಕಪಾಟಿನ ಆಚೆಯಿಂದ ಒಂದು ತಲೆ ಮೇಲೆದ್ದು, ಸಿಟ್ಟಿಲ್ಲದೆ, ವ್ಯಂಗ್ಯವೂ ಇಲ್ಲದೆ, ವೈದ್ಯರು ‘ಜ್ವರ ಎಷ್ಟಿದೆ’ ಎಂದು ವಿಚಾರಿಸುವ ಧಾಟಿಯಲ್ಲಿ, “ಎಷ್ಟಕ್ಕೆ ಎಷ್ಟು?” ಎಂದು ಕೇಳುತ್ತಿತ್ತು. ಕರೆದದ್ದು ಎಷ್ಟು ಜನರನ್ನು, ಬಂದದ್ದು ಎಷ್ಟು ಜನ ಎಂಬುದು ಅದರ ಅರ್ಥ. ಉತ್ತರ ಸಿಕ್ಕಿದ ಮೇಲೆ ಆ ತಲೆ ತೃಪ್ತಿಯಿಂದ ಮತ್ತೆ ಕಪಾಟಿನ ಹಿಂದೆ ಇಳಿಯುತ್ತಿತ್ತು. ಕೇಳಿಸಿಕೊಂಡವರು ಮಾತ್ರ ಅವತ್ತಿನ ಉಳಿದ ಹೊತ್ತೆಲ್ಲ ತಾವೇನೋ ಸಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದವರಂತೆ ಇರುತ್ತಿದ್ದರು.

ಆಳು ಎತ್ತರ, ನಡಿಗೆ ನಿಧಾನ. ನಾಲ್ಕು ಹೆಜ್ಜೆ ನಡೆದು, ಏನೋ ನೆನಪಾದಂತೆ ಅರೆಕ್ಷಣ ನಿಂತು, ಮತ್ತೆ ನಾಲ್ಕು ಹೆಜ್ಜೆ ಇಡುವ ಅವನ ಕ್ರಮದಿಂದಾಗಿ ತೋಜಾಯ್ ರೈಲುಮಾರ್ಗದ ಬೆಳಗಿನ ಜನಪ್ರವಾಹದಲ್ಲಿ ಅವನ ಹಿಂದೆ ಯಾವಾಗಲೂ ಇಬ್ಬರು ಮೂವರು ‘ಸುಮಿಮಾಸೆನ್’, ಕ್ಷಮಿಸಿ, ಎನ್ನುತ್ತ ಪಕ್ಕಕ್ಕೆ ಸರಿಯುತ್ತಿದ್ದರು. ಮೈಮೇಲೆ ನವೆಂಬರಿನಿಂದ ಏಪ್ರಿಲಿನವರೆಗೂ ಒಂದೇ ಬೂದುಬಣ್ಣದ ಓವರ್‌ಕೋಟು. ತೋಳು ಎರಡು ಬೆರಳು ಉದ್ದ, ಬಲಗಡೆಯ ಗುಂಡಿ ಬೇರೆ ಬಣ್ಣದ್ದು. ಒಳಜೇಬಿನಲ್ಲಿ ಬಿಸಿಲಿನಿಂದ ನಡೆಯುವ ಚಿಕ್ಕ ಕ್ಯಾಲ್ಕ್ಯುಲೇಟರು. ಮೋಡ ಮುಚ್ಚಿದ ದಿನ ಅದನ್ನು ರೈಲಿನ ಕಿಟಕಿಗೆ ಎತ್ತಿ ಹಿಡಿದು, ಆರತಿ ತೆಗೆದುಕೊಳ್ಳುವವನ ಹಾಗೆ ಕಾಯುತ್ತಿದ್ದ. ಹೆಂಡತಿ ಚಂದ್ರಪ್ರಭಾ ಎಷ್ಟು ಸಲ ಹೊಸ ಕೋಟು ಕೊಳ್ಳೋಣವೆಂದರೂ ಒಪ್ಪಲಿಲ್ಲ. ಆ ಕೋಟನ್ನು ಅವನು ಹಿರೋಷಿಮಾದಲ್ಲಿ ಕೊಂಡಿದ್ದ. ಹಿರೋಷಿಮಾವನ್ನು ಅವನು ಮೈಮೇಲಿಂದ ತೆಗೆಯಲು ಸಿದ್ಧನಿರಲಿಲ್ಲ.

ಅದಕ್ಕೆ ಕಾರಣವಿತ್ತು. ತೊಂಬತ್ತೆಂಟರಲ್ಲಿ ಬೆಂಗಳೂರಿನ ಕಂಪನಿ ಅವನನ್ನು ಮೊದಲು ಕಳಿಸಿದ್ದು ಹಿರೋಷಿಮಾಕ್ಕೆ, ಕಾರಿನ ಬಿಡಿಭಾಗಗಳ ಉಗ್ರಾಣದ ಕೆಲಸಕ್ಕೆ. ಹೆಂಡತಿ, ಮಗಳು ಇನ್ನೂ ಮೈಸೂರಿನಲ್ಲಿದ್ದರು. ಆ ವರ್ಷವೇ ಇಲ್ಲಿ ನಮ್ಮ ಕನ್ನಡ ಸಂಘ ಹುಟ್ಟಿದ್ದು. ಹುಟ್ಟಿಸಿದವರು ಸತ್ಯನಾರಾಯಣ, ಅಮೆರಿಕದಲ್ಲಿ ಮೂರು ವರ್ಷ ಇದ್ದು ಬಂದ ಹಿರಿಯರು. ನಿಶಿ ಕಸಾಯಿಯ ಜನಸಂಖ್ಯೆಯ ಎದುರು ದೂರದ ಹಿರೋಷಿಮಾ ಉಪ್ಪಿನಕಾಯಿಯ ಹಾಗೆ ಎಲೆಯ ತುದಿಯಲ್ಲೇ ಉಳಿದುಬಿಡಬಾರದೆಂಬ ಸದಾಶಯದಿಂದ ಅವರು ಅಧ್ಯಕ್ಷರ ಚುನಾವಣೆಗೆ ಅಮೆರಿಕದ ಪದ್ಧತಿಯನ್ನೇ ತಂದರು. ಊರಿಗಿಷ್ಟು ಎಂದು ಮತಗಳು ನಿಗದಿಯಾದವು: ನಿಶಿ ಕಸಾಯಿಗೆ ಎಂಟು, ಪಕ್ಕದ ಉರಯಾಸುವಿಗೆ ಐದು, ಹಿರೋಷಿಮಾಕ್ಕೆ ಮೂರು. ಯಾವ ಊರಿನಲ್ಲಿ ಯಾರಿಗೆ ಒಂದು ತಲೆ ಹೆಚ್ಚೋ ಆ ಊರಿನ ಅಷ್ಟೂ ಮತ ಅವರಿಗೆ.

ಆಗ ಹಿರೋಷಿಮಾದಲ್ಲಿದ್ದ ಕನ್ನಡಿಗರು ಮೂವರು. ಇಬ್ಬರು ಒಬ್ಬರಿಗೆ ಹಾಕಿದರು, ಮಧುಕರ ಇನ್ನೊಬ್ಬರಿಗೆ ಹಾಕಿದ. ಸೋತದ್ದಕ್ಕೆ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಆದರೆ ವಾರದ ನಂತರ ಸಂಘದ ವರದಿ ಅಂಚೆಯಲ್ಲಿ ಬಂತು. ಅದರಲ್ಲಿ ‘ಹಿರೋಷಿಮಾ: ಒಮ್ಮತ’ ಎಂದಿತ್ತು. ಹೊರಗೆ ಮೊದಲ ಹಿಮ ಬೀಳುತ್ತಿದ್ದಾಗ, ನಾಲ್ಕೂವರೆ ಚಾಪೆ ಹಿಡಿಯುವಷ್ಟು ಚಿಕ್ಕದಾದ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಆ ಒಂದು ಪದವನ್ನು ಅವನು ಮತ್ತೆ ಮತ್ತೆ ಓದಿದ. ಒಮ್ಮತವಾಗಿದ್ದರೆ ತಾನೆಲ್ಲಿದ್ದೆ? ಫೋನು ಮಾಡಿ ಕೇಳಿದಾಗ ಆ ಇಬ್ಬರೂ ಒಳ್ಳೆಯ ಮಾತಿನಲ್ಲೇ, “ಹೇಗೂ ಮೂರೂ ಒಂದೇ ಕಡೆ ಹೋಗತ್ತಲ್ಲಾ ಮಧು, ಚೆನ್ನಾಗಿ ಕಾಣ್ಲಿ ಅಂತ ಬರೆದ್ವಿ. ಪರವಾಗಿಲ್ಲ ತಾನೇ?” ಎಂದರು. ಅವನು “ಪರವಾಗಿಲ್ಲ” ಎಂದ. ಅಂದದ್ದೇ ತಪ್ಪಾಯಿತು. ಆ ಮಾತು ಮೀನಿನ ಮುಳ್ಳಿನ ಹಾಗೆ ಅವನ ಗಂಟಲಲ್ಲಿ ಮೂರು ವರ್ಷ ಉಳಿಯಿತು.

ಮಾರನೆಯ ವರ್ಷ ಟೋಕಿಯೋಕ್ಕೆ ವರ್ಗವಾಗಿ, ಸಂಸಾರವನ್ನು ಕರೆಸಿಕೊಂಡು, ನಮ್ಮೆಲ್ಲರಂತೆ (ಎಲ್ಲರಂತೆ ಅಲ್ಲ, ನಮ್ಮಲ್ಲಿ ಹತ್ತಕ್ಕೆ ಆರು ಜನರಂತೆ) ಕಂಪ್ಯೂಟರುಗಳಿಂದ ಇಸವಿ ಎರಡು ಸಾವಿರದ ಭೂತ ಬಿಡಿಸುವ ಕೆಲಸಕ್ಕೆ ಕೂತ. ಹಿಂದಿನವರು ಜಾಗ ಉಳಿಸಲೆಂದು ಇಸವಿಯ ಮೊದಲ ಎರಡು ಅಂಕಿಗಳನ್ನು ಕೈಬಿಟ್ಟಿದ್ದರು, ಅದನ್ನು ಹುಡುಕಿ ಹುಡುಕಿ ಸೇರಿಸಲು ಏಳು ಸಮುದ್ರದಾಚೆಯಿಂದ ನಾವು ಬರಬೇಕಾಯಿತು. “ಬಿಟ್ಟದ್ದು ಸುಮ್ಮನೆ ಇರಲ್ಲ ಕಣ್ರೀ, ಒಂದಿನ ವಾಪಸ್ ಬಂದು ಬಾಗಿಲು ತಟ್ಟತ್ತೆ,” ಎನ್ನುತ್ತಿದ್ದ ಮಧುಕರ. ಅವನು ಇಸವಿಯ ಬಗ್ಗೆ ಮಾತ್ರ ಹೇಳುತ್ತಿದ್ದಾನೆಂದು ನಾವು ತಿಳಿದಿದ್ದೆವು.

ಆ ವಸಂತದಲ್ಲಿ ಸ್ಥಳೀಯ ಚುನಾವಣೆಯ ಫಲಿತಾಂಶ ಓದುತ್ತಿದ್ದ ಸಹೋದ್ಯೋಗಿ ಮೊರಿತಾ-ಸಾನ್ ಅವನಿಗೊಂದು ಅದ್ಭುತ ತೋರಿಸಿದರು. ಅಭ್ಯರ್ಥಿಯೊಬ್ಬರ ಹೆಸರಿನ ಮುಂದೆ ಮತಗಳ ಸಂಖ್ಯೆ, ಅದರ ಮುಂದೆ ಒಂದು ಚುಕ್ಕೆ, ಚುಕ್ಕೆಯ ಮುಂದೆ ಮೂರು ಅಂಕಿ. ಈ ದೇಶದಲ್ಲಿ ಮತದಾರರು ಹೆಸರನ್ನು ಕೈಯಾರೆ ಬರೆಯುತ್ತಾರೆ. ಒಂದೇ ಮನೆತನದ ಹೆಸರಿನ ಇಬ್ಬರು ಕಣದಲ್ಲಿದ್ದು, ಯಾರಾದರೂ ಮನೆತನದ ಹೆಸರಷ್ಟನ್ನೇ ಬರೆದರೆ ಆ ಮತವನ್ನು ಬುಟ್ಟಿಗೆ ಎಸೆಯುವುದಿಲ್ಲ. ಆ ಇಬ್ಬರಿಗೂ ಬಿದ್ದಿರುವ ಸ್ಪಷ್ಟ ಮತಗಳ ಪ್ರಮಾಣದಲ್ಲೇ ಅದನ್ನು ಪಾಲು ಮಾಡಿ, ದಶಾಂಶದ ಮೂರನೆಯ ಸ್ಥಾನದವರೆಗೆ ಹಂಚುತ್ತಾರೆ. ಮಧುಕರ ಆ ಪತ್ರಿಕೆಯ ತುಂಡನ್ನು ಕೇಳಿ ಎರಡೂ ಕೈಯಲ್ಲಿ ಪಡೆದು, ಮಡಿಸಿ, ಕೋಟಿನ ಒಳಜೇಬಿನಲ್ಲಿಟ್ಟ. ಕೆಲವರು ಆ ಜಾಗದಲ್ಲಿ ಕುಲದೇವರ ಪಟ ಇಟ್ಟುಕೊಳ್ಳುತ್ತಾರೆ.

ಎರಡು ಸಾವಿರದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆ ಒಂದು ರಾಜ್ಯದ ಕೆಲವು ನೂರು ಮತಗಳ ಕೂದಲೆಳೆಯಲ್ಲಿ ವಾರಗಟ್ಟಲೆ ತೂಗಾಡಿತಲ್ಲ, ಆಗ ನಿಶಿ ಕಸಾಯಿಯ ಪ್ರತಿ ಮನೆಯಲ್ಲೂ ಪಕ್ಷಗಳಾದವು. ಮಧುಕರ ಮಾತ್ರ ಯಾರು ಗೆದ್ದರೆಂದು ಒಮ್ಮೆಯೂ ಕೇಳಲಿಲ್ಲ. ಆ ರಾಜ್ಯದ ಇಪ್ಪತ್ತೈದು ಮತಗಳೂ ಬಾಳೆಗೊನೆಯ ಹಾಗೆ ಇಡಿಯಾಗಿ ಒಬ್ಬನ ಮನೆಗೇ ಯಾಕೆ ಹೋಗಬೇಕು ಎನ್ನುವುದಷ್ಟೇ ಅವನ ಪ್ರಶ್ನೆ. ಡಿಸೆಂಬರಿನ ಸಂಘದ ಸಭೆಯಲ್ಲಿ ಎದ್ದು ನಿಂತು, ತೋಳು ಉದ್ದದ ಕೋಟಿನಲ್ಲಿ ಕೈಗಳು ಕಾಣದಂತೆ, ಸಂಘದ ನಿಯಮಕ್ಕೊಂದು ತಿದ್ದುಪಡಿ ಕೋರಿ ತನ್ನ ಬದುಕಿನ ಏಕಮಾತ್ರ ಭಾಷಣ ಮಾಡಿದ: “ಹದಿಮೂರು ಜನ ಕಾಫಿ ಕೇಳಿದ್ರು, ಹನ್ನೆರಡು ಜನ ಟೀ ಕೇಳಿದ್ರು ಅಂತಿಟ್ಕೊಳ್ಳಿ. ಇಪ್ಪತ್ತೈದು ಲೋಟಕ್ಕೂ ಕಾಫೀನೇ ಸುರೀತೀರೇನ್ರೀ?”

ನಕ್ಕರು. ಆದರೆ ಸತ್ಯನಾರಾಯಣರ ಆಕ್ಷೇಪ ನಗುವಂಥದ್ದಾಗಿರಲಿಲ್ಲ. “ಮೂರೂ ಒಟ್ಟಿಗೆ ಸಿಗತ್ತೆ ಅಂತ ತಾನೇ ಅಭ್ಯರ್ಥಿಗಳು ಹಿರೋಷಿಮಾಕ್ಕೆ ಫೋನ್ ಮಾಡೋದು? ಪಾಲು ಮಾಡಿದ್ರೆ ಮುಕ್ಕಾಲು ಓಟಿಗೆ ಯಾರಪ್ಪ ಅಷ್ಟು ದೂರ ನೋಡ್ತಾರೆ? ಊರು ಒಂದೇ ಬಾಯಲ್ಲಿ ಮಾತಾಡಬೇಕು, ಆಗಲೇ ಕೇಳಿಸೋದು.” ಅದರಲ್ಲಿ ಸತ್ಯವಿತ್ತು, ಮಧುಕರನಿಗೂ ಅದು ಗೊತ್ತಿತ್ತು. ಆದರೂ ಅವನು, “ಊರಿಗೆ ಬಾಯಿಲ್ಲ ಸಾರ್. ಊರಲ್ಲಿರೋರಿಗೆ ಇದೆ,” ಎಂದು ಕೂತುಬಿಟ್ಟ. ತಿದ್ದುಪಡಿ ಪಾಸಾಯಿತು. ಇನ್ನು ಮುಂದೆ ಊರಿನ ಮತಗಳು ಅಲ್ಲಿ ಬಿದ್ದ ಓಟಿನ ಪ್ರಮಾಣದಲ್ಲೇ ಹಂಚಿಕೆಯಾಗತಕ್ಕದ್ದು, ದಶಾಂಶದ ಮೂರನೆಯ ಸ್ಥಾನದವರೆಗೆ. ಪಾಸಾದದ್ದು ಇಪ್ಪತ್ತಾರಕ್ಕೆ ಹದಿನೈದರಲ್ಲಿ. ಬರಹದಲ್ಲಿ ಹಾಗೆಯೇ ದಾಖಲಾಗುವಂತೆ ಅವನು ನಿಂತು ನೋಡಿಕೊಂಡ.

ಹೊಸ ನಿಯಮದ ಮೊದಲ ಚುನಾವಣೆ ಎರಡು ಸಾವಿರದ ಒಂದರ ಯುಗಾದಿಗೆ. ಆಗ ನಿಂತ ಇಬ್ಬರಲ್ಲಿ ಒಬ್ಬಳು ಚಂದ್ರಪ್ರಭಾ.

ಅವಳು ಹೆಸರಿಗಾಗಿ ನಿಂತವಳಲ್ಲ. ಮಗಳು ಶ್ರಾವ್ಯಾಗೆ ಏಳು ವರ್ಷ. ಕನ್ನಡದಲ್ಲಿ ಕೇಳಿದ್ದೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತಿತ್ತು. ಭಾನುವಾರ ಮೈಸೂರಿಗೆ ಫೋನು ಹಚ್ಚಿದರೆ ಅಲ್ಲಿಂದ ಅಜ್ಜಿ ಜಯಮ್ಮ “ಮಗು ಏನಂತು? ಏನಂತೇ ಪ್ರಭಾ?” ಎಂದು ಮತ್ತೆ ಮತ್ತೆ ಕೇಳುವರು, ತನ್ನ ತಾಯಿಗೂ ತನ್ನ ಮಗಳಿಗೂ ನಡುವೆ ತಾನು ದುಭಾಷಿಯಾಗಿ ನಿಲ್ಲಬೇಕಾಗಿ ಬಂದದ್ದು ಚಂದ್ರಪ್ರಭೆಯ ಎದೆಗೆ ನಾಟಿತ್ತು. ಸಂಘಕ್ಕೆ ಭಾನುವಾರ ಮಧ್ಯಾಹ್ನ ಸಿಗುತ್ತಿದ್ದ ಸಾರ್ವಜನಿಕ ಭವನದ ಕೋಣೆಯನ್ನು ಮಕ್ಕಳ ಕನ್ನಡ ತರಗತಿಗೆ ಬಿಡಿಸಿಕೊಳ್ಳಬೇಕು ಎನ್ನುವುದೊಂದೇ ಅವಳ ಹಟ. ಕೋಣೆ ಯಾವುದಕ್ಕೆಂದು ತೀರ್ಮಾನಿಸುವವರು ಅಧ್ಯಕ್ಷರು. ಎದುರಾಳಿ ಉರಯಾಸುವಿನ ಬಾಲು, ಎಲ್ಲರ ಸಾಮಾನು ಸಾಗಿಸಲು ಓಡಿಬರುವ ಸಜ್ಜನ. ಅವನಿಗೆ ಆ ಕೋಣೆ ಟೇಬಲ್ ಟೆನಿಸ್‌ಗೆ ಬೇಕಿತ್ತು. “ಆರು ದಿನ ಆಫೀಸಲ್ಲಿ ಕೂತು ಬೆನ್ನು ಹೋಗಿದೆ ಮೇಡಂ, ಏಳನೇ ದಿನಾನೂ ಕೂತ್ಕೊಳ್ಳೋ ಪಾಠ ಯಾಕೆ?” ಎಂಬ ಅವನ ವಾದಕ್ಕೆ ಬೆನ್ನುಳ್ಳವರ ಬೆಂಬಲ ಸಾಕಷ್ಟಿತ್ತು.

ಹಬ್ಬ ಉರಯಾಸುವಿನ ಭವನದಲ್ಲಿ ನಡೆಯಿತು. ಬೇವಿನ ಬದಲು ಯಾವುದೋ ಕಹಿಸೊಪ್ಪು, ಬೆಲ್ಲದ ಬದಲು ಒಕಿನಾವಾದ ಕಪ್ಪುಸಕ್ಕರೆ. ಗೆದ್ದವರಿಗೆ ಹಾಕಲೆಂದು ಸೂಪರ್‌ಮಾರ್ಕೆಟ್ಟಿನಿಂದ ಸೇವಂತಿಗೆ ತಂದು ಹೆಂಗಸರು ಮಾಲೆ ಕಟ್ಟಿದ್ದರು. ಅತಿಥಿಯಾಗಿ ಬಂದ ಮೊರಿತಾ-ಸಾನ್ ಅದನ್ನು ಕಂಡು ಮೆಲ್ಲಗೆ ಕಣ್ಣು ತಗ್ಗಿಸಿದರು. ಅವರ ಪಾಲಿಗೆ ಅದು ಸತ್ತವರ ಮುಂದಿಡುವ ಹೂವು ಎಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಚುನಾವಣಾಧಿಕಾರಿಯಾಗಿದ್ದವರು ಸತ್ಯನಾರಾಯಣರ ಪತ್ನಿ ಲೀಲಾವತಿ, ಮೈಸೂರಿನಲ್ಲಿ ಇಪ್ಪತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಅವರು ಓದಿದ ಹಾಗೆ ಮಧುಕರ ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ಕೂರಿಸುತ್ತಿದ್ದ. ನಿಶಿ ಕಸಾಯಿ: ಚಂದ್ರಪ್ರಭಾ ಇಪ್ಪತ್ತೊಂದು, ಬಾಲು ಇಪ್ಪತ್ತು. ಎಂಟು ಮತ ಹೆಚ್ಚುಕಡಿಮೆ ನಾಲ್ಕು ನಾಲ್ಕಾಗಿ ಸೀಳಿತು. ಉರಯಾಸು: ಅವಳಿಗೆ ಏಳು, ಬಾಲುವಿಗೆ ಹದಿನೇಳು. ಐದರಲ್ಲಿ ಮೂರೂವರೆ ಬಾಲುವಿನ ಕಡೆಗೆ ವಾಲಿತು. ಉಳಿದದ್ದು ಹಿರೋಷಿಮಾ. ಬೆಳಿಗ್ಗೆಯೇ ಬಂದಿದ್ದ ಫ್ಯಾಕ್ಸನ್ನು ಲೀಲಾವತಿ ಕನ್ನಡಕ ಸರಿಮಾಡಿಕೊಂಡು ಓದಿದರು: “ಹಿರೋಷಿಮಾ: ಒಮ್ಮತದಿಂದ ಚಂದ್ರಪ್ರಭಾ.”

ಅಂದರೆ ಮೂರಕ್ಕೆ ಮೂರೂ. ಪರದೆಯ ಮೇಲೆ ಎಂಟೂವರೆಗೆ ಏಳೂವರೆ. ಚಂದ್ರಪ್ರಭಾ ಗೆದ್ದಿದ್ದಳು. ಚಪ್ಪಾಳೆ ಬಿತ್ತು. ಬಾಲುವೇ ಮೊದಲು ಎದ್ದು ಮಾಲೆ ಕೈಗೆತ್ತಿಕೊಂಡ.

ಮಧುಕರ ಮಾತ್ರ ಕೀಲಿಮಣೆಯ ಮೇಲೆ ಬೆರಳಿಟ್ಟು ಕೂತೇ ಇದ್ದ. ಹಿರೋಷಿಮಾದಲ್ಲೀಗ ನಾಲ್ವರು. ನಾಲ್ವರೂ ಒಂದೇ ಮನಸ್ಸಿನವರಾಗಿರಬಹುದು, ಯಾಕಾಗಬಾರದು? ಕೇಳದಿದ್ದರೆ ಅದು ನಿಜವಾಗಿಯೇ ಉಳಿಯುತ್ತದೆ. ಶ್ರಾವ್ಯಾಳಿಗೆ ಮುಂದಿನ ಭಾನುವಾರದಿಂದಲೇ ತರಗತಿ. ಜಯಮ್ಮನವರಿಗೆ ಇನ್ನೊಂದು ವರ್ಷದಲ್ಲಿ ‘ಮಗು ಏನಂತು’ ಎಂದು ಕೇಳುವ ಅಗತ್ಯವಿರುವುದಿಲ್ಲ. ಒಂದು ಫೋನು ಮಾಡದೆ ಇದ್ದರಾಯಿತು, ಮಾಡದಿದ್ದುದಕ್ಕೆ ಯಾರೂ ಅವನನ್ನು ದೂರುವಂತಿರಲಿಲ್ಲ. ತಲೆಯೆತ್ತಿದರೆ ಸಭಾಂಗಣದ ಆ ಕಡೆ ಮಗಳ ಜುಟ್ಟು ಸರಿಪಡಿಸುತ್ತಿದ್ದ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದ ದಾಂಪತ್ಯದಲ್ಲಿ ಗಂಡನ ಮುಖದ ಮೇಲೆ ಪ್ರಶ್ನೆ ಮೂಡುವ ಮುನ್ಸೂಚನೆ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಅವಳು ಬಹಳ ಮೆಲ್ಲಗೆ, ಬೇರೆ ಯಾರಿಗೂ ಕಾಣದಷ್ಟು, ಬೇಡವೆಂದು ತಲೆಯಾಡಿಸಿದಳು.

ಅವನು ಫೋನು ತೆಗೆದ.

ಆ ಕಡೆ ವಿಘ್ನೇಶ್, ಹಿರೋಷಿಮಾದ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವನು, ಫ್ಯಾಕ್ಸ್ ಕಳಿಸಿದವನು. ನಾಲ್ವರೂ ಅಲ್ಲಿ ಹಬ್ಬದೂಟಕ್ಕೆ ಸೇರಿದ್ದರು.

“ವಿಘ್ನೇಶ್, ಒಮ್ಮತ ಅಂದ್ರೆ ಎಷ್ಟಕ್ಕೆ ಎಷ್ಟು?”

“ಮೂರಕ್ಕೆ ಒಂದು ಸಾರ್.” ಅವನ ದನಿಯಲ್ಲಿ ಅಳುಕೇ ಇರಲಿಲ್ಲ. “ಆಮೇಲೆ ಡಿಸ್ಕಸ್ ಮಾಡಿದ್ವಿ, ಅಹಲ್ಯಾ ಓಕೆ ಅಂದ್ರು. ನಮ್ಮ ಲ್ಯಾಬಲ್ಲೂ ಹಂಗೇ ಸಾರ್, ಮೊದಲೇ ಒಬ್ಬೊಬ್ಬರ ಹತ್ರ ಮಾತಾಡಿ, ಮೀಟಿಂಗಲ್ಲಿ ಎಲ್ಲಾರೂ ಒಪ್ಪಿದ್ರು ಅಂತಾನೇ ಬರೆಯೋದು. ಅದೇ ಮರ್ಯಾದೆ.”

ನಮ್ಮ ‘ಅಡ್ಜಸ್ಟ್ ಮಾಡ್ಕೊಳ್ಳಿ’ಗೆ ಈ ದೇಶದ ಸೌಜನ್ಯ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ. ಆ ಹುಡುಗ ಮೋಸ ಮಾಡಿರಲಿಲ್ಲ, ಮರ್ಯಾದೆ ಮಾಡಿದ್ದ. ಹೊಸ ನಿಯಮ ಓದಿದ್ದ, ಒಪ್ಪಿಯೂ ಇದ್ದ, ಬರೆಯುವಾಗ ಕೈ ಹಳೆಯ ದಾರಿಯಲ್ಲೇ ಹೋಗಿತ್ತು.

“ಅಹಲ್ಯಾ ಅವರಿಗೆ ಕೊಡಿ.”

ಅಹಲ್ಯಾ ಸಂಶೋಧನೆಗೆಂದು ಆ ಚಳಿಗಾಲದಲ್ಲಷ್ಟೇ ಬಂದವಳು, ನಮ್ಮಲ್ಲಿ ಯಾರೂ ಅವಳ ಮುಖ ನೋಡಿರಲಿಲ್ಲ. “ನಾನು ಬಾಲು ಅವರಿಗೆ ಹಾಕಿದ್ದು ಸಾರ್. ಪರವಾಗಿಲ್ಲ, ಒಂದೇ ಒಂದು ಓಟಲ್ವಾ,” ಎಂದಳು.

“ಪರವಾಗಿಲ್ಲ ಅಂತ ಮೊದಲು ಹೇಳಿದ್ದು ನೀವಾ, ಅವರಾ?”

“ಅವರು ಪರವಾಗಿಲ್ಲ ತಾನೇ ಅಂದ್ರು. ನಾನು ಹೂಂ ಅಂದೆ.”

ಮಧುಕರನಿಗೆ ಆ ‘ಹೂಂ’ ಎಂಬುದರ ತೂಕ ಗೊತ್ತಿತ್ತು. ಫೋನು ಮಡಿಸಿಟ್ಟು, ಮೂರನ್ನು ಅಳಿಸಿ, ಎರಡೂಕಾಲು ಎಂದೂ ಮುಕ್ಕಾಲು ಎಂದೂ ಕೂರಿಸಿದ. ಪರದೆ ತಾನಾಗಿ ಲೆಕ್ಕ ತಿರುಗಿಸಿತು. ಚಂದ್ರಪ್ರಭಾ ಏಳು ದಶಾಂಶ ಎಂಟು ಸೊನ್ನೆ ಆರು, ಬಾಲು ಎಂಟು ದಶಾಂಶ ಒಂದು ಒಂಬತ್ತು ನಾಲ್ಕು. ಅವನು ಎದ್ದು ಅದನ್ನು ಓದಿದ. ಮೂರನೆಯ ದಶಾಂಶದವರೆಗೂ ಓದಿದ. ಹಳೆಯ ನಿಯಮವಾಗಿದ್ದರೆ ಅವಳು ಹನ್ನೊಂದಕ್ಕೆ ಐದರಲ್ಲಿ ಗೆಲ್ಲುತ್ತಿದ್ದಳು ಎಂಬುದನ್ನೂ, ಯಾರೂ ಕೇಳದಿದ್ದರೂ, ಪೂರ್ಣ ಮಾಹಿತಿ ಇರಲೆಂದು ಸೇರಿಸಿದ. ಆಗ ಅವನ ಮೇಲೆ ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾಲೆ ಹಿಡಿದ ಬಾಲು ಅದನ್ನು ಹಾಕುವಂತೆಯೂ ಇಲ್ಲ, ಹಾಕಿಸಿಕೊಳ್ಳುವಂತೆಯೂ ಇಲ್ಲದೆ, ಪೆಚ್ಚುಮೋರೆ ಹಾಕಿಕೊಂಡು ನಿಂತ. ಅದನ್ನು ಅವನ ಕೈಯಿಂದ ತೆಗೆದುಕೊಂಡು ಅವನ ಕೊರಳಿಗೆ ಹಾಕಿದವಳು ಚಂದ್ರಪ್ರಭಾ. ಗಂಡನ ಕಡೆ ಮಾತ್ರ ತಿರುಗಲಿಲ್ಲ.

ಉರಯಾಸುವಿನಿಂದ ನಿಶಿ ಕಸಾಯಿಗೆ ಎರಡೇ ನಿಲ್ದಾಣ. ಶ್ರಾವ್ಯಾ ತಂದೆ ತಾಯಿಯ ಮಧ್ಯೆ ಕೂತು ಅಮ್ಮನ ಮುಖ ನೋಡಿ, “ಮಾಮಾ, ಮಾಕೆತಾ?” ಎಂದಳು, ಅಮ್ಮಾ ಸೋತೆಯಾ ಎಂದು ಜಪಾನಿಯಲ್ಲಿ.

“ಹೂಂ, ಸೋತೆ. ನಿಮ್ಮಪ್ಪನ ಲೆಕ್ಕದಲ್ಲಿ,” ಎಂದಳು ಚಂದ್ರಪ್ರಭಾ ಕನ್ನಡದಲ್ಲಿ. ರೈಲು ನದಿ ದಾಟಿದ ಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು: “ನಿಮಗೆ ಬೇಜಾರಾಗಿದೆಯೇನ್ರೀ?”

“ಆಗಿದೆ.”

“ಎಷ್ಟಕ್ಕೆ ಎಷ್ಟು?”

ಬೇರೆ ಯಾವ ಗಂಡಸಾದರೂ ಅಲ್ಲೊಂದು ಸಮಾಧಾನದ ಸುಳ್ಳು ಹೇಳಿ ಮನೆ ಸೇರುತ್ತಿದ್ದ. ಮಧುಕರ ನಿಜವಾಗಿಯೂ ಲೆಕ್ಕ ಹಾಕಿದ. ಒಂದು ನಿಲ್ದಾಣ ಕಳೆಯುವಷ್ಟು ಹೊತ್ತು ಹಾಕಿದ. “ಮೂರಕ್ಕೆ ಒಂದು,” ಎಂದ ಕೊನೆಗೆ. “ಮೂರು ಪಾಲು ಬೇಜಾರೇ. ಆದರೆ ಆ ಒಂದು ಇದೆ ಪ್ರಭಾ. ಅದು ಇಲ್ಲ ಅಂತ ಬರೆಯೋಕಾಗಲ್ಲ.”

ಚಂದ್ರಪ್ರಭಾ ಕ್ಷಮಿಸಿದಳೆಂದು ಬರೆದರೆ ಅದು ಇನ್ನೊಂದು ಒಮ್ಮತದ ಫ್ಯಾಕ್ಸ್ ಆದೀತು. ವಾರಗಟ್ಟಲೆ ಆ ಮನೆಯಲ್ಲಿ ಮಾತು ಕಡಿಮೆಯಿತ್ತೆಂದು ನೆರೆಯವರಾದ ನಮಗೆ ಗೊತ್ತು. ಮೇ ತಿಂಗಳಲ್ಲಿ ಅವಳು ತನ್ನ ಆರು ಚಾಪೆಯ ಕೋಣೆಯಲ್ಲೇ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಅ ಆ ಶುರುಮಾಡಿದಳು. ಜಾಗ ಸಾಲದೆ ಮಧುಕರ ಭಾನುವಾರಗಳಲ್ಲಿ, ಚಳಿ ಬಂದ ಮೇಲೆ ಕೋಟು ಹಾಕಿಕೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಶ್ರಾವ್ಯಾಳ ಕನ್ನಡ ಆಗಲೂ ಹತ್ತಕ್ಕೆ ಮೂರು ಮಾತಿನಷ್ಟೇ. ಮೂರಾದರೂ ಜಯಮ್ಮನವರಿಗೆ ನೇರವಾಗಿ ಕೇಳಿಸುತ್ತಿತ್ತು.

ಸಂಘದ ನಡಾವಳಿ ಪುಸ್ತಕದಲ್ಲಿ ಲೀಲಾವತಿಯವರ ದುಂಡಕ್ಷರದಲ್ಲಿ ‘ಹಿರೋಷಿಮಾ: ಮೂರಕ್ಕೆ ಒಂದು’ ಎಂದಿದೆ. ನಾಲ್ಕು ಹಾಳೆ ಹಿಂದೆ ತಿರುಗಿಸಿದರೆ ತೊಂಬತ್ತೆಂಟರದ್ದು ಇನ್ನೂ ‘ಒಮ್ಮತ’ ಎಂದೇ ಇದೆ. ತಿದ್ದಿಸಿ ಎಂದು ಮಧುಕರ ಯಾವತ್ತೂ ಕೇಳಲಿಲ್ಲ. ತಿದ್ದಬೇಕೆಂದು ನಮಗೂ ಹೊಳೆಯಲಿಲ್ಲ.

ಇಂಥವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಚಪ್ಪಾಳೆಯ ನಡುವೆ ಕೈಯೆತ್ತಿ ಲೆಕ್ಕ ಕೇಳುವವರು, ಮಾಲೆ ಕೊರಳಿಗೆ ಬೀಳುವ ಮೊದಲು ಫೋನು ತೆಗೆಯುವವರು. ಅವರ ಜೊತೆ ಬಾಳುವುದು ಸುಲಭವಲ್ಲ, ಅವರನ್ನು ಊಟಕ್ಕೆ ಕರೆಯಲೂ ನಾವು ಎರಡು ಸಲ ಯೋಚಿಸುತ್ತೇವೆ. ನಾವು ಗೆದ್ದ ದಿನ ಅವರು ನಮಗೆ ಬೇಡ. ಆದರೆ ಬದುಕಿನಲ್ಲಿ ಯಾವತ್ತಾದರೊಂದು ದಿನ ನಾವೂ ದೂರದ ಊರೊಂದರ ಚಿಕ್ಕ ಕೋಣೆಯಲ್ಲಿ ಒಂಟಿಯಾಗಿ ಬೇರೆಯದನ್ನು ಬಯಸಿ, ಸುತ್ತಲಿನವರ ಮುಖ ನೋಡಿ ‘ಪರವಾಗಿಲ್ಲ’ ಎಂದುಬಿಡುತ್ತೇವೆ. ಆಗ ಫೋನು ಹಚ್ಚಿ, ಆ ಮಾತನ್ನು ಮೊದಲು ಆಡಿದ್ದು ನೀವಾ ಅವರಾ ಎಂದು ಕೇಳುವವರು ಅವರೊಬ್ಬರೇ.